ಪಾರ್ಕಿನಲ್ಲಿ ಹೆಣ್ಣು ನೋಡಿದ ಬೆಳಿಗ್ಗೆ

ನಮ್ಮ ಮನೆ ಹೆಸರಿಗಷ್ಟೇ ನಮ್ಮದು. ವರ್ಷದ ಬಹುಪಾಲು ಅದು ರೇಷ್ಮೆ ಹುಳುಗಳದ್ದು. ಶಿಡ್ಲಘಟ್ಟದ ಊರು ಮುಗಿದು ದಿಬ್ಬೂರಹಳ್ಳಿ ರಸ್ತೆ ಶುರುವಾಗುವ ಕಡೆ ಇದ್ದ ಆ ಮನೆಗೆ ಒಂದು ನಡುಮನೆ, ಎರಡು ಕೋಣೆ, ಹಿಂದೆ ಅಡಿಗೆಮನೆ, ಮುಂದೆ ಜಗಲಿ. ಹುಳು ಮೊಟ್ಟೆಯೊಡೆದು ಬಂದ ಹೊಸದರಲ್ಲಿ ಒಂದು ಮೂಲೆಯ ಬಿದಿರು ತಟ್ಟೆಯಲ್ಲಿ ಸಾಸಿವೆ ಚೆಲ್ಲಿದ ಹಾಗೆ ಇರುತ್ತಿದ್ದವು. ಆಗ ನಾವೂ ಮನೆಯೊಳಗೇ ಮಲಗುತ್ತಿದ್ದೆವು. ಅವು ಬೆಳೆದ ಹಾಗೆಲ್ಲ ತಟ್ಟೆಗಳು ಹೆಚ್ಚುತ್ತಿದ್ದವು. ಮೊದಲು ಒಂದು ಕೋಣೆ ಹೋಗುತ್ತಿತ್ತು, ಆಮೇಲೆ ಇನ್ನೊಂದು, ಆಮೇಲೆ ನಡುಮನೆ. ಕೊನೆಗೆ ಚಾಪೆ, ದಿಂಬು, ನನ್ನ ಸ್ಕೂಲಿನ ಚೀಲ, ದೇವರ ಪಟ ಎಲ್ಲವೂ ಜಗಲಿಗೆ ಬಂದು ಬೀಳುತ್ತಿದ್ದವು. ದೇವರಿಗೆ ಊದುಬತ್ತಿಯೂ ಇಲ್ಲ, ಹೊಗೆ ಹುಳಕ್ಕೆ ಆಗುವುದಿಲ್ಲ. ಜಗಲಿಯಲ್ಲಿ ಕೂತು ಹೋಮ್‌ವರ್ಕ್ ಬರೆಯುವಾಗ ಒಳಗಿನಿಂದ ಅವು ಸೊಪ್ಪು ತಿನ್ನುವ ಸದ್ದು ಬಿಡದೆ ಕೇಳುತ್ತಿತ್ತು. ನನಗೆ ಆ ಸದ್ದು ಕೇಳಿದರೆ ಎದ್ದು ಎಲ್ಲಿಗಾದರೂ ಹೋಗಬೇಕು ಅನ್ನಿಸುತ್ತಿತ್ತು. ಈಗಲೂ ನಾನು ಒಂದು ಕಡೆ ಅರ್ಧ ಗಂಟೆ ಕೂತವಳಲ್ಲ. ಮದುವೆಯಾದ ಮೇಲೆ ನನ್ನ ಗಂಡ ಇದಕ್ಕೆ ಕಾಲಲ್ಲಿ ಚಕ್ರ ಇದೆ ಎಂದು ಹೆಸರಿಟ್ಟರು. ಚಕ್ರ ಎಲ್ಲಿಂದ ಬಂತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹುಳು ಇರುವ ಮನೆಯ ಕಾನೂನೆಲ್ಲ ಅಜ್ಜಿಯದು, ಅಂದರೆ ಅಪ್ಪನ ಅಮ್ಮನದು. ಅವಳು ಚಿಂತಾಮಣಿಯ ಆಚೆ, ಆಂಧ್ರದ ಗಡಿಯ ಹಳ್ಳಿಯಿಂದ ಬಂದವಳು. ಸಿಟ್ಟು ಬಂದಾಗ ತೆಲುಗು, ಪ್ರೀತಿ ಬಂದಾಗಲೂ ತೆಲುಗು, ನಡುವೆ ಲೆಕ್ಕಾಚಾರಕ್ಕೆ ಮಾತ್ರ ಕನ್ನಡ. ಹುಳು ಇರುವಾಗ ಒಗ್ಗರಣೆ ಹಾಕಬಾರದು. ಮಲ್ಲಿಗೆ ಮುಡಿಯಬಾರದು, ಪೌಡರು ಬಳಿಯಬಾರದು. ಹೊರಗೆ ಹೋಗಿ ಬಂದವರು ಕೈಕಾಲು ತೊಳೆಯದೆ ಹೊಸ್ತಿಲು ತುಳಿಯಬಾರದು. ಹೊರಗಿನವರಂತೂ, ಅವರು ಸ್ವಂತ ಬೀಗರೇ ಆಗಲಿ, ಗೇಟಿನಾಚೆ ನಿಂತು ಮಾತಾಡಿ ಹೋಗಬೇಕು. ಆ ಕಾಲಕ್ಕೆ ಊಜಿ ನೊಣದ ಕಾಟ ಶುರುವಾಗಿತ್ತು. ಅದು ಹುಳದ ಮೈಮೇಲೆ ಮೊಟ್ಟೆ ಇಟ್ಟರೆ ಆ ಹುಳು ಮುಗಿಯಿತು. ಬಂದವರ ಸೀರೆಯ ನೆರಿಗೆಯಲ್ಲಿ ಕೂತು ಆ ನೊಣ ಒಳಗೆ ಬರುತ್ತದೆ ಎಂದು ಅಜ್ಜಿ ನಂಬಿದ್ದಳು. ಒಗ್ಗರಣೆಯಿಲ್ಲದ ಬಸ್ಸಾರು, ಮುದ್ದೆ, ಬೇಯಿಸಿದ ಹುರುಳಿಕಾಳು ತಿಂದೂ ತಿಂದೂ ನಾಲಿಗೆ ಜಡ್ಡುಗಟ್ಟಿತ್ತು. ಪಕ್ಕದ ಮನೆಯಲ್ಲಿ ಸಾಸಿವೆ ಚಟಪಟ ಅಂದರೆ ಅಮ್ಮ ಒಂದು ಗಳಿಗೆ ಕೆಲಸ ನಿಲ್ಲಿಸಿ ಮೂಗೆತ್ತುತ್ತಿದ್ದಳು. ಅದನ್ನು ನೋಡಿ ನಾವು ನಗುತ್ತಿದ್ದೆವು, ಅಮ್ಮ ನಗುತ್ತಿರಲಿಲ್ಲ.

ಆದರೆ ಕಾನೂನು ಅಜ್ಜಿಯದಾದರೂ ಹುಳು ನಿಜವಾಗಿ ಉಳಿಯುತ್ತಿದ್ದದ್ದು ಗಿರಿಜತ್ತೆಯ ಕೈಯಲ್ಲಿ. ಗಿರಿಜತ್ತೆ ಅಪ್ಪನ ತಂಗಿ. ಅವಳ ವಯಸ್ಸಿನವರೆಲ್ಲ ಆಗಲೇ ಎರಡು ಮಕ್ಕಳ ತಾಯಂದಿರು. ಅವಳ ಕೈಗುಣ ಒಳ್ಳೆಯದು ಎಂದು ಇಡೀ ಬೀದಿ ಹೇಳುತ್ತಿತ್ತು. ಹಾಗೆ ಹೇಳಿಸಿಕೊಂಡದ್ದೇ ಅವಳಿಗೆ ಮುಳುವಾಯಿತು. ಯಾರಾದರೂ ಗಂಡಿನ ಮಾತೆತ್ತಿದರೆ ಅಪ್ಪನ ಬಾಯಲ್ಲಿ ಒಂದೇ ಉತ್ತರ.

"ಈ ಬೆಳೆ ಇಳೀಲಿ. ಹುಳು ಇರೋ ಮನೇಗೆ ಹೆಣ್ಣು ನೋಡೋರ್ನ ಕರ್ಯಕ್ಕಾಗುತ್ತಾ?"

ಬೆಳೆ ಇಳಿಯುತ್ತಿತ್ತು. ಗೂಡು ಮಾರ್ಕೆಟ್ಟಿಗೆ ಹೋಗುತ್ತಿತ್ತು. ತಟ್ಟೆ ತೊಳೆದು, ಗೋಡೆಗೆ ಸುಣ್ಣ ಹೊಡೆದು, ಮನೆ ಒಣಗುವಷ್ಟರಲ್ಲಿ ಮುಂದಿನ ಹುಳು ಬಂದಿರುತ್ತಿತ್ತು. ನಡುವೆ ಸಿಗುವ ನಾಲ್ಕಾರು ದಿನವೂ ಅಮಾವಾಸ್ಯೆಯೋ, ಅಪ್ಪನಿಗೆ ಪುರುಸೊತ್ತಿಲ್ಲದ್ದೋ, ಏನಾದರೂ ಅಡ್ಡ ಬರುತ್ತಿತ್ತು. ಅಪ್ಪ ಕೆಟ್ಟವನಲ್ಲ. ತಂಗಿಗೆ ಒಳ್ಳೆಯ ಸೀರೆ ತರುತ್ತಿದ್ದ, ಊಟಕ್ಕೆ ಕೂತಾಗ ಮೊದಲು ಅವಳ ತಟ್ಟೆ ನೋಡುತ್ತಿದ್ದ. ಆದರೆ ಅವಳಿಲ್ಲದ ಹುಳುಮನೆ ಅವನ ಊಹೆಗೇ ಬರುತ್ತಿರಲಿಲ್ಲ. ಬರದಿರುವುದೇ ಅವನಿಗೆ ಅನುಕೂಲವಾಗಿತ್ತು.

ನನ್ನದು ಬೇರೆ ತಾಪತ್ರಯ. ಹುಳುಮನೆಯ ಗಾಳಿಗೆ ನನಗೆ ಕೆಮ್ಮು ಬರುತ್ತಿತ್ತು. ಹುಳು ದಪ್ಪವಾದ ಹಾಗೆ ಕೆಮ್ಮೂ ದಪ್ಪವಾಗಿ, ಕೊನೆಕೊನೆಗೆ ಎದೆಯೊಳಗೆ ಬೆಕ್ಕು ಮಲಗಿದ ಹಾಗೆ ಗೊರಗೊರ ಅನ್ನುತ್ತಿತ್ತು. ಡಾಕ್ಟರು ಸಿರಪ್ಪು ಕೊಟ್ಟು, ಬೆಳಿಗ್ಗೆ ಒಂದು ಗಂಟೆ ಮಗುವನ್ನು ಹೊರಗಿನ ಗಾಳಿಗೆ ಕರೆದುಕೊಂಡು ಹೋಗಿ ಎಂದರು. ಯಾರು ಕರೆದುಕೊಂಡು ಹೋಗುವುದು ಎಂದಾಗ, ಮೊದಲ ಸೊಪ್ಪು ಹಾಕಿ ಮುಗಿಸಿದ ಗಿರಿಜತ್ತೆ "ನಾನ್ ಹೋಗ್ತೀನಿ" ಅಂದಳು. ಬೇರೆ ಯಾರೂ ಬಾಯಿ ತೆರೆಯುವ ಮೊದಲೇ ಅಂದಳು. ಅಂದಿನಿಂದ ನಾವಿಬ್ಬರೂ ನೀರಿನ ಟ್ಯಾಂಕಿನ ಪಕ್ಕದ ಪಾರ್ಕಿಗೆ ಹೋಗತೊಡಗಿದೆವು. ನನ್ನ ಕೆಮ್ಮು ಮನೆಯಲ್ಲಿ ಇಬ್ಬರಿಗೆ ಉಪಕಾರ ಮಾಡಿತು.

ಪಾರ್ಕು ಅಂದರೆ ದೊಡ್ಡದೇನಲ್ಲ. ಮುರಿದ ಒಂದು ಜಾರುಬಂಡೆ, ನೀರು ಬಾರದ ಒಂದು ಕಾರಂಜಿ, ಸುತ್ತ ಒಂದು ಮಣ್ಣಿನ ಹಾದಿ. ಆದರೆ ಉಗಾದಿಯ ಆಸುಪಾಸಿಗೆ ಅಲ್ಲಿನ ಮರಗಳಿಗೆ ಹುಚ್ಚು ಹಿಡಿಯುತ್ತಿತ್ತು. ಹೊಂಗೆ ಮರಗಳು ಹೊಸ ಎಲೆಗೆ ಎಣ್ಣೆ ಸವರಿಕೊಂಡ ಹಾಗೆ ಮಿರಮಿರ ಮಿಂಚುತ್ತ, ಕೆಳಗೆ ಹಾದಿಯ ತುಂಬ ತಿಳಿನೇರಳೆ ಹೂ ಉದುರಿಸುತ್ತಿದ್ದವು. ಬೇವಿನ ಹೂವಿನ ವಾಸನೆ ತಲೆಗೆ ಏರುತ್ತಿತ್ತು. ಕಕ್ಕೆ ಮರ ಎಲೆಯೆಲ್ಲ ಕಳಚಿ ಹಳದಿ ಗೊಂಚಲು ಇಳಿಬಿಟ್ಟುಕೊಂಡು ನಿಂತಿರುತ್ತಿತ್ತು. ಅಷ್ಟು ದಿನ ಹೂವಿನ ವಾಸನೆಯೇ ಇಲ್ಲದ ಮನೆಯಲ್ಲಿ ಇದ್ದವರಿಗೆ ಗೇಟು ದಾಟಿದ ಕೂಡಲೇ ತಲೆ ತಿರುಗಿದ ಹಾಗಾಗುತ್ತಿತ್ತು. ಗಿರಿಜತ್ತೆ ಒಂದು ಹಿಡಿ ಹೊಂಗೆ ಹೂ ಎತ್ತಿ ಮೂಗಿಗೆ ಒತ್ತಿಕೊಂಡು, ಆಮೇಲೆ ಅಜ್ಜಿಯ ನೆನಪಾಗಿ ಕೈ ಒದರಿ, ನಲ್ಲಿಯಲ್ಲಿ ತೊಳೆದುಕೊಳ್ಳುತ್ತಿದ್ದಳು. ಗೇಟಿನ ಪಕ್ಕದ ದಾಸವಾಳದ ಗಿಡದಲ್ಲಿ ಪಿಕಳಾರ ಹಕ್ಕಿ ಗೂಡು ಕಟ್ಟಿತ್ತು. ನಾವು ಬಗ್ಗಿದರೆ ಸಾಕು, ಮೈಮೇಲೆ ಪುಕ್ಕವೂ ಬಾರದ ಮರಿಗಳು ಅಮ್ಮ ಬಂದಳೆಂದು ಕತ್ತೆತ್ತಿ ಕೆಂಪು ಬಾಯಿ ಅಗಲಿಸುತ್ತಿದ್ದವು. ಅವು ನಮ್ಮಿಂದ ಮೋಸ ಹೋಗುವುದು ನೋಡಿ ನನಗೆ ಪಾಪ ಅನ್ನಿಸುತ್ತಿತ್ತು. ಅತ್ತೆ ಮಾತ್ರ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

"ಬಾರೇ ವಿಜಿ, ಮನೇಲಿ ಬಾಯಿ ತೆಕ್ಕಂಡಿರೋವು ಸಾಲ್ದಾ, ಇಲ್ಲೂ ಅದನ್ನೇ ನೋಡ್ಬೇಕಾ."

ಅವಳ ನಡಿಗೆ ಜೋರು. ಹುಳುಮನೆಯಲ್ಲಿ ಬೆಕ್ಕಿನ ಹೆಜ್ಜೆ ಇಡುವವಳು ಪಾರ್ಕಿನಲ್ಲಿ ಸೀರೆ ಎತ್ತಿ ಸಿಕ್ಕಿಸಿ ದಡದಡ ನಡೆಯುತ್ತಿದ್ದಳು. ನಾನು ಅರ್ಧ ಓಡುತ್ತ ಅವಳ ಹಿಂದೆ. ಒಂದು ಸುತ್ತು ಮುಗಿದರೆ ಇನ್ನೊಂದು. ಗೇಟಿನ ಹತ್ತಿರ ಬಂದಾಗಲೆಲ್ಲ ಅವಳು ಹೊರಗಿನ ರಸ್ತೆ ನೋಡುವಳು. ಅಲ್ಲಿ ಚಿಕ್ಕಬಳ್ಳಾಪುರದ ಬಸ್ಸು ನಿಂತು ಹೊರಡುತ್ತಿತ್ತು. ಒಂದು ದಿನ ಹತ್ತಿಬಿಡುತ್ತಾಳೆ, ನನ್ನನ್ನು ಬಿಟ್ಟು ಹತ್ತಿಬಿಡುತ್ತಾಳೆ ಎಂದು ನನಗೆ ಒಳಗೊಳಗೇ ದಿಗಿಲು. ಅದಕ್ಕೇ ಅವಳ ಸೆರಗಿನ ತುದಿ ನನ್ನ ಮುಷ್ಟಿಯಲ್ಲಿರುತ್ತಿತ್ತು.

ನಾನು ಹೇಳಹೊರಟಿರುವ ದಿನ ಹುಳು ನಾಲ್ಕನೇ ಜ್ವರಕ್ಕೆ ಹೋಗಿತ್ತು. ಪೊರೆ ಕಳಚುವ ಮುಂಚೆ ಹುಳು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂತುಬಿಡುತ್ತದೆ. ಅದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಅಷ್ಟು ಹೊತ್ತು ಸೊಪ್ಪು ಹಾಕುವ ಹಾಗಿಲ್ಲ, ಮನೆಯವರಿಗೆ ಅದೇ ರಜೆ. ಜ್ವರ ಬಿಟ್ಟು ಎದ್ದ ಮೇಲೆ ಅವಕ್ಕೆ ಬಕಾಸುರನ ಹಸಿವು, ಆಗ ಮನೆಮಂದಿಯೆಲ್ಲ ನಿಂತು ಹಾಕಿದರೂ ಸಾಲದು. ಆ ಬೆಳಿಗ್ಗೆ ಅಪ್ಪ ಮುಂದಿನ ಮೇವಿಗೆ ಸೊಪ್ಪು ಕೊಯ್ಯಿಸಲು ತೋಟಕ್ಕೆ ಹೋಗಿದ್ದ. ನಾವು ಹೊರಟಾಗ ಅಜ್ಜಿ ಚಪ್ಪಲಿ ಮೆಟ್ಟಿ ಗೇಟಿನಲ್ಲಿ ನಿಂತಿದ್ದಳು. ಹುಳು ಇರುವಾಗ ಅಜ್ಜಿ ಬೀದಿಯ ತುದಿಯ ಅಂಗಡಿಗೂ ಹೋದವಳಲ್ಲ.

"ನಾನೂ ಬರ್ತೀನಿ ಪಾರ್ಕಿಗೆ. ಜ್ವರ ಬಿಡೋದು ಸಾಯಂಕಾಲಕ್ಕೆ, ನಾನ್ ನೋಡಿವ್ನಿ."

ಅಮ್ಮ ಗಿರಿಜತ್ತೆಯ ಕೈಗೆ ಎಲೆಯಲ್ಲಿ ಸುತ್ತಿದ ಏನನ್ನೋ ಕೊಟ್ಟಳು. ಗೇಟು ದಾಟಿ, ಮನೆ ಮರೆಯಾದ ಮೇಲೆ ಅತ್ತೆ ಅದನ್ನು ಬಿಚ್ಚಿದಳು. ಮಲ್ಲಿಗೆ ದಂಡೆ. ಅಜ್ಜಿಯ ಎದುರಿಗೇ ಮುಡಿದುಕೊಂಡಳು, ಅಜ್ಜಿ ಬೈಯಲಿಲ್ಲ. ಏನೋ ಇದೆ ಎಂದು ನನಗೆ ಗೊತ್ತಾಯಿತು. ಅಜ್ಜಿಯ ಕೈ ಹಿಡಿದು ಜಗ್ಗಿದೆ. ಅಪ್ಪನಿಗೆ ಹೇಳಬಾರದು ಎಂದು ಆಣೆ ಹಾಕಿಸಿಕೊಂಡು ಅಜ್ಜಿ ಹೇಳಿದಳು. ಗೌರಿಬಿದನೂರಿನಿಂದ ಅತ್ತೆಯನ್ನು ನೋಡಲು ಬಂದಿದ್ದಾರೆ. ಅಮ್ಮನ ತವರಿನ ಕಡೆಯವರು ತಂದ ಸಂಬಂಧ. ಮನೆಗೆ ಕರೆಯುವಂತಿಲ್ಲ, ಕರೆಯಬಾರದು ಎಂದವಳು ತಾನೇ. ಹಾಗಾಗಿ ಪಾರ್ಕಿಗೆ ಬರಹೇಳಿದ್ದಾಳೆ. ತನ್ನ ನೇಮ ತಾನು ಮುರಿಯಲಾರದೆ ಅಜ್ಜಿ ಅದರ ಪಕ್ಕದಲ್ಲೇ ದಾರಿ ಮಾಡಿಕೊಂಡಿದ್ದಳು. ನನಗೆ ಮಾತ್ರ ಅತ್ತೆ ಹೋಗುವುದು ಬೇಡವಾಗಿತ್ತು. ಒಪ್ಪದೇ ಇರಲಿ, ಅವರು ಒಪ್ಪದೇ ಇರಲಿ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡೆ.

ಹೊಂಗೆ ಮರದ ಕೆಳಗಿನ ಬೆಂಚಿನಲ್ಲಿ ಅವರು ಕೂತಿದ್ದರು. ಗಂಡು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು, ಸಪೂರ ಮನುಷ್ಯ, ಇಸ್ತ್ರಿ ಮಾಡಿದ ಅಂಗಿಯ ತೋಳಿನ ಮೇಲೆ ಹೊಂಗೆ ಹೂ ಬಿದ್ದಿದ್ದರೂ ಕೊಡವಿಕೊಂಡಿರಲಿಲ್ಲ. ಜೊತೆಗೆ ಅವರ ತಾಯಿ, ಒಳ್ಳೆಯ ಗಟ್ಟಿ ಹೆಂಗಸು. ಆಕೆಗೆ ದಿಕ್ಕು ತೋಚದ ಹಾಗಾಗಿತ್ತು. ಹೆಣ್ಣು ನೋಡುವುದೆಂದರೆ ಚಾಪೆ ಹಾಸಬೇಕು, ಉಪ್ಪಿಟ್ಟು ಕಾಫಿ ಬರಬೇಕು, ಹೆಣ್ಣು ಒಂದು ದೇವರನಾಮ ಹಾಡಬೇಕು. ಇಲ್ಲಿ ಒಂದು ಕಡೆ ಯಾರೋ ಮುದುಕರು ಬಸ್ಕಿ ಹೊಡೆಯುತ್ತಿದ್ದಾರೆ, ಇನ್ನೊಂದು ಕಡೆ ಹಸು ನುಗ್ಗಿ ಹುಲ್ಲು ಮೇಯುತ್ತಿದೆ. ಅಜ್ಜಿ ಹುಳದ ವಿಷಯ ವಿವರಿಸಿದಳು. ಆಕೆ ತಲೆಯಾಡಿಸಿದರೂ ಮನೆ ತೋರಿಸದವರ ಮೇಲೆ ಅನುಮಾನ ಮುಖದಲ್ಲಿ ಕಾಣುತ್ತಿತ್ತು. ಕೊನೆಗೆ ಏನು ಕೇಳುವುದೋ ತಿಳಿಯದೆ ಹಳೆಯ ಕಾಲದ ಒಂದು ಮಾತು ತೆಗೆದರು.

"ಸ್ವಲ್ಪ ನಡ್ದು ತೋರ್ಸಮ್ಮ, ನೋಡಣ."

ಕಾಲು ಸರಿ ಇದೆಯೋ ಇಲ್ಲವೋ ನೋಡುವ ಪದ್ಧತಿ ಅದು. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದರೆ ಮುಗಿಯಿತು. ಗಿರಿಜತ್ತೆ ಎದ್ದಳು. ತಲೆ ತಗ್ಗಿಸಿ ಮೆಲ್ಲಗೆ ನಾಲ್ಕು ಹೆಜ್ಜೆ ಇಟ್ಟಳು. ತಿರುಗಬೇಕಾದ ಕಡೆ ತಿರುಗಲಿಲ್ಲ. ಇನ್ನೂ ನಾಲ್ಕು ಹೆಜ್ಜೆ ಹೋದಳು, ಕಾರಂಜಿ ದಾಟಿದಳು. ಅಲ್ಲಿಂದ ಅವಳ ದಿನದ ನಡಿಗೆ ಬಂತು. ಸೀರೆ ಸಿಕ್ಕಿಸಿ, ಕೈಬೀಸಿ, ಹೂವಿನ ಹಾದಿಯಲ್ಲಿ ದಡದಡ ಹೊರಟೇಹೋದಳು.

"ಎಲ್ಲಿಗ್ ಹೋಗ್ತಾಳೆ ನಿಮ್ಮುಡ್ಗಿ?" ಎಂದರು ಆಕೆ.

ನಾನು ಬಸ್ಸು ನೆನೆದು ಅತ್ತೆಯ ಹಿಂದೆ ಓಡಿದೆ.

ಅವಳು ಬಸ್ಸಿಗೆ ಹೋಗಿರಲಿಲ್ಲ. ಪಾರ್ಕಿನ ಆಚೆ ಬದಿಯಲ್ಲಿ, ಬೆಂಚಿನಿಂದ ಕಾಣದ ಕಡೆ, ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಹುಲ್ಲಿನ ಮೇಲೆ ಒಂದು ಗೊರವಂಕ, ಅದರ ಹಿಂದೆ ಮೂರು ಮರಿ. ಮರಿಗಳು ಆಗಲೇ ತಾಯಿಯಷ್ಟೇ ಗಾತ್ರ, ಹಾರಲೂ ಬರುತ್ತಿತ್ತು. ಆದರೂ ರೆಕ್ಕೆ ನಡುಗಿಸಿಕೊಂಡು, ಕಿರಿಚಿಕೊಂಡು, ತಾಯಿ ಹೋದ ಕಡೆಯಲ್ಲೆಲ್ಲ ಬೆನ್ನು ಬಿದ್ದಿದ್ದವು. ತಾಯಿ ಹುಳ ಹೆಕ್ಕುವಳು, ತುರುಕುವಳು, ಮತ್ತೆ ಓಡುವಳು. ಅತ್ತೆಯ ಮೂಗಿನ ಹೊಳ್ಳೆಗಳು ಕೆಂಪಾಗಿದ್ದವು.

"ಥೂ, ಎಷ್ಟ್ ದಪ್ಪ ಆಗವೆ ನೋಡು. ಹೆಕ್ಕಂಡು ತಿನ್ನಕ್ಕೇನು ರೋಗ ಇವಕ್ಕೆ."

ಅಷ್ಟರಲ್ಲಿ ಹಾದಿಯ ಆ ಕಡೆಯಿಂದ ಡ್ರಾಯಿಂಗ್ ಮೇಷ್ಟ್ರು ಬಂದರು. ಅವರು ನಮ್ಮ ಹಿಂದೆ ಬಂದಿರಲಿಲ್ಲ, ಎದುರು ದಿಕ್ಕಿನಿಂದ ಸುತ್ತಿಕೊಂಡು ಬಂದಿದ್ದರು. ಬಂದವರು ಸ್ವಲ್ಪ ದೂರದಲ್ಲೇ ನಿಂತರು. ಮರಿಗಳನ್ನು ನೋಡಿದರು, ಅತ್ತೆಯನ್ನು ನೋಡಿದರು, ನನ್ನನ್ನೂ ನೋಡಿದರು.

"ನಮ್ಮನೇಲಿ ಹುಳು ಇಲ್ಲ," ಎಂದರು.

ಗಿರಿಜತ್ತೆ ಅವರನ್ನು ನೇರವಾಗಿ ನೋಡಿದಳು.

"ಒಗ್ಗರಣೆ ಹಾಕ್ತೀರಾ?"

"ದಿನಾ ಹಾಕ್ತೀವಿ. ಇಂಗೂ ಹಾಕ್ತೀವಿ."

ಅತ್ತೆ ನಕ್ಕುಬಿಟ್ಟಳು. ಆ ನಗು ನಾನು ಮನೆಯಲ್ಲಿ ಒಂದು ದಿನವೂ ಕೇಳಿರಲಿಲ್ಲ. ಮೇಷ್ಟ್ರೂ ನಕ್ಕರು. ಅವರ ಮೇಲೆ ನನಗೆ ಅಲ್ಲೇ ಅಸೂಯೆ ಹುಟ್ಟಿತು. ಸೆರಗು ಹಿಡಿಯಲು ಹೋದೆ. ಅವಳು ಗಮನಿಸದೆ ಸೆರಗನ್ನು ಎಳೆದು ಹೆಗಲಿಗೆ ಹೊದ್ದುಕೊಂಡಳು. ಇಬ್ಬರೂ ಬೆಂಚಿನ ಕಡೆ ಹೊರಟರು, ಅಷ್ಟಷ್ಟು ದೂರ ಬಿಟ್ಟುಕೊಂಡು, ನಿಧಾನವಾಗಿ. ಬೆಂಚಿನ ಹತ್ತಿರ ಮೇಷ್ಟ್ರು ತಾಯಿಯ ಕಿವಿಯಲ್ಲಿ ಏನೋ ಹೇಳಿದರು. ಆಕೆ ಮಗನ ಮುಖ ನೋಡಿ, ಅತ್ತೆಯ ಕಾಲು ನೋಡಿ, ಕೊನೆಗೆ ಅಜ್ಜಿಗೆ ಹೇಳಿದರು.

"ಕಾಲಂತೂ ಗಟ್ಟಿ ಅವೆ ಬಿಡಿ. ಮನೇಲಿ ಮಾತಾಡ್ಕಂಡು ಹೇಳಿ ಕಳ್ಸಿ, ನಮ್ದೇನೂ ಅಡ್ಡಿ ಇಲ್ಲ."

ಅಜ್ಜಿ ತಪ್ಪಿದ್ದು ಒಂದೇ ಕಡೆ. ಆ ವರ್ಷದ ಬಿಸಿಲಿಗೆ ಹುಳುಗಳ ಜ್ವರ ಸಾಯಂಕಾಲದ ತನಕ ಕಾಯಲಿಲ್ಲ. ನಾವು ಮನೆ ತಲುಪುವಷ್ಟರಲ್ಲಿ ಅಪ್ಪ ತೋಟದಿಂದ ಬಂದು, ಅಂಗಳದ ತುಂಬ ಸೊಪ್ಪಿನ ಹೊರೆ ಇಳಿಸಿ, ಒಬ್ಬನೇ ತಟ್ಟೆಯಿಂದ ತಟ್ಟೆಗೆ ಓಡುತ್ತಿದ್ದ. ಹುಳುಗಳೆಲ್ಲ ಎದ್ದಿದ್ದವು. ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಅಜ್ಜಿಗೆ ಏನೋ ಹೇಳಲು ನೋಡಿದಳು. ಗಿರಿಜತ್ತೆ ಗೇಟಿನಲ್ಲೇ ಮಲ್ಲಿಗೆ ಬಿಚ್ಚಿ ಕಾಂಪೌಂಡಿನ ಮೇಲಿಟ್ಟು, ಹಿತ್ತಿಲಿಗೆ ಸ್ನಾನಕ್ಕೆ ಓಡಿದಳು. ಅವಸರದಲ್ಲಿ ಆ ದಂಡೆಯನ್ನು ಆಚೆಗೆ ಎಸೆಯಲಿಲ್ಲ. ಅಪ್ಪ ಹೊರಗೆ ಬಂದವನು ಮೊದಲು ನೋಡಿದ್ದು ಅದನ್ನು.

"ಹುಳು ಎದ್ದವೆ, ಸೊಪ್ಪು ಹಾಕೋರು ಒಬ್ರೂ ಇಲ್ಲ. ಎಲ್ಲಿಗ್ ಹೋಗಿದ್ರಿ?"

"ಪಾರ್ಕಿಗೆ ಕಣಪ್ಪ. ಪಾಪಂಗೆ ಗಾಳಿ ಬೇಕಂತ ಡಾಕ್ಟ್ರು ಹೇಳಿಲ್ವಾ."

"ಗಾಳಿಗೆ ಮಲ್ಲಿಗೆ ಮುಡ್ಕಂಡು ಹೋಗ್ತಾರಾ?"

ಅಜ್ಜಿ ಜಗಲಿಯ ಮೇಲೆ ಕೂತಳು. ಸುಳ್ಳು ಹೇಳುವ ಕಷ್ಟ ಮುಗಿದದ್ದಕ್ಕೆ ಅವಳಿಗೆ ಸಮಾಧಾನವೇ ಆದ ಹಾಗಿತ್ತು.

"ಗಿರಿಜನ್ನ ನೋಡಕ್ ಬಂದಿದ್ರು. ಗೌರಿಬಿದನೂರಿನೋರು. ಒಪ್ಕಂಡವ್ರೆ."

"ನನ್ನನ್ನ ಒಂದ್ ಮಾತು ಕೇಳ್ಲಿಲ್ಲ."

"ಕೇಳಿದ್ರೆ ಈ ಬೆಳೆ ಇಳೀಲಿ ಅಂತಿದ್ದೆ."

"ಹುಳು ಇರೋವಾಗ ಕರೀಬಾರ್ದು ಅಂದೋಳು ನೀನೇ ಅಲ್ವಾ?"

"ಮನೇಗೆ ಕರೀಲಿಲ್ವಲ್ಲ. ಹೊಸ್ಲು ದಾಟಿ ಒಂದ್ ನರಪಿಳ್ಳೆ ಬಂದಿಲ್ಲ. ನನ್ನ ನೇಮ ನಾನ್ ಬಿಟ್ಟಿಲ್ಲಪ್ಪ. ಚಾಲ್ಲೇ, ಇನ್ನ ಸಾಕು, ಹುಡ್ಗೀನ ಕಳ್ಸು."

ಅಪ್ಪ ಕೈಯಲ್ಲಿದ್ದ ಸೊಪ್ಪು ಕೆಳಗೆ ಹಾಕಿದ. ಅವನು ಕೂಗುತ್ತಾನೆ ಅಂದುಕೊಂಡೆ, ಕೂಗಲಿಲ್ಲ. ದನಿ ಇಳಿದು, ಸಣ್ಣ ಹುಡುಗನ ದನಿಯಾಗಿತ್ತು.

"ಗಿರಿಜ ಹೋದ್ರೆ ಹುಳು ಯಾರಮ್ಮ ನೋಡೋದು? ನಿಂಗೆ ಕಣ್ಣು ಮಬ್ಬು. ಇವಳ ಕೈಗೆ ಹುಳು ಆಗಲ್ಲ," ಎಂದು ಅಮ್ಮನ ಕಡೆ ಗದ್ದ ತೋರಿಸಿದ. ಆಮೇಲೆ ಅವನ ಕಣ್ಣು ಮನೆಯ ಮೇಲೆಲ್ಲ ಸುತ್ತಿ ನನ್ನ ಮೇಲೆ ಬಂದು ನಿಂತಿತು. ಅಜ್ಜಿಯೂ ನನ್ನನ್ನು ನೋಡಿದಳು. ಅಮ್ಮನೂ ನೋಡಿದಳು. ನಾನು ಪ್ರೈಮರಿ ಶಾಲೆಯ ಕೊನೆಯ ತರಗತಿಯಲ್ಲಿ ಓದುತ್ತಿದ್ದವಳು. ನನ್ನನ್ನು ಮನೆಯಲ್ಲಿ ಯಾರೂ ಅಷ್ಟು ಹೊತ್ತು ಒಟ್ಟಿಗೆ ನೋಡಿದ್ದೇ ಇಲ್ಲ.

ಒದ್ದೆ ಕೂದಲಿನಲ್ಲಿ ಗಿರಿಜತ್ತೆ ಹಿತ್ತಿಲ ಬಾಗಿಲಿಂದ ಬಂದು ನಿಂತದ್ದು ಆಗಲೇ. ಅಪ್ಪನ ಕಣ್ಣು ಎಲ್ಲಿದೆ ಎಂದು ಅವಳಿಗೆ ಕಂಡಿತು.

"ಅಣ್ಣ, ಅವಳ ಕಡೆ ನೋಡ್ಬೇಡ. ಅವಳ ಎದೆ ಕೇಳಿದೀಯಾ ನೀನು? ಅವಳನ್ನ ಒಳಗ್ ಕೂರ್ಸೋದಾದ್ರೆ ನಾನ್ ಎಲ್ಲೂ ಹೋಗಲ್ಲ. ಅವ್ರಿಗೆ ಇಲ್ಲ ಅಂತ ಹೇಳಿ ಕಳ್ಸು."

ಒಳಗೆ ಹುಳುಗಳು ತಿನ್ನುತ್ತಿದ್ದವು. ಬೆಳಿಗ್ಗೆಯಿಂದ ನಾನು ಬೇಡಿಕೊಂಡದ್ದು ಈಗ ನನ್ನ ಕೈಗೇ ಬಂದಿತ್ತು. ಸುಮ್ಮನೆ ನಿಂತಿದ್ದರೆ ಸಾಕಿತ್ತು, ಒಂದು ಸಲ ಕೆಮ್ಮಿದ್ದರೆ ಇನ್ನೂ ಸಾಕಿತ್ತು, ಅತ್ತೆ ನನ್ನವಳಾಗಿ ಉಳಿಯುತ್ತಿದ್ದಳು. ಕೆಮ್ಮು ನಿಜವಾಗಿಯೂ ಗಂಟಲಿಗೆ ಬಂದಿತ್ತು. ಆದರೆ ಪಾರ್ಕಿನ ಆಚೆ ಬದಿಯಲ್ಲಿ ಅವಳು ನಕ್ಕದ್ದು ಕಿವಿಯಲ್ಲಿತ್ತು. ನಾನು ಕೆಮ್ಮು ನುಂಗಿದೆ.

"ನಂಗೇನೂ ಆಗಲ್ಲ. ನಂಗೆ ಹುಳು ಅಂದ್ರೆ ಇಷ್ಟ. ನಾನ್ ನೋಡ್ಕಂತೀನಿ," ಅಂದೆ.

ಹೇಳಿದ್ದಷ್ಟೇ ಅಲ್ಲ, ಕೈ ತೊಳೆದು ಬಂದು ಒಂದು ಹೊರೆ ಸೊಪ್ಪು ಎತ್ತಿ ಒಳಗೆ ಹೋದೆ. ಅಪ್ಪ ನನ್ನ ತಲೆ ಸವರಿದ. ಅಜ್ಜಿ ತೆಲುಗಿನಲ್ಲಿ ನನ್ನನ್ನು ಬಂಗಾರ ಎಂದು ಕರೆದಳು. ಆ ಉಗಾದಿಯ ನಂತರದ ಲಗ್ನದಲ್ಲೇ ಗಿರಿಜತ್ತೆಯ ಮದುವೆಯಾಯಿತು. ಅವಳು ಗೌರಿಬಿದನೂರಿಗೆ ಹೋದಳು. ನಾನು ಹೈಸ್ಕೂಲು ಮುಗಿಸುವ ತನಕ ಬೆಳಿಗ್ಗೆ, ಸಂಜೆ ಸೊಪ್ಪು ಹಾಕಿದೆ, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ನನ್ನನ್ನು ಬೆಳಗಿನ ಗಾಳಿಗೆ ಕರೆದುಕೊಂಡು ಹೋಗುವವರು ಆಮೇಲೆ ಯಾರೂ ಇರಲಿಲ್ಲ.

ನಾನು ಸುಳ್ಳು ಹೇಳಿದಾಗ ಗಿರಿಜತ್ತೆ ನನ್ನ ಮುಖವನ್ನು ತುಂಬ ಹೊತ್ತು ನೋಡಿದಳು. ನನ್ನ ಕೆಮ್ಮಿನ ಏರು, ಇಳಿತ ನನಗಿಂತ ಚೆನ್ನಾಗಿ ಗೊತ್ತಿದ್ದವಳು ಅವಳು. ನಾನು ಅದನ್ನು ನುಂಗಿದ್ದೂ ಅವಳಿಗೆ ಕಂಡಿತ್ತು. ಅವಳು ನನ್ನ ಮಾತು ನಂಬಲಿಲ್ಲ, ಆದರೆ ನಂಬಿದವಳ ಹಾಗೆ ಮುಖ ತಿರುಗಿಸಿಕೊಂಡಳು. ಅದಕ್ಕೆ ಅವಳ ಮೇಲೆ ನನಗೆ ಸಿಟ್ಟಿಲ್ಲ ಅಂದರೆ ಅದು ಎರಡನೇ ಸುಳ್ಳಾಗುತ್ತದೆ. ಇದೆ, ಇವತ್ತಿಗೂ ಸ್ವಲ್ಪ ಇದೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ನಾನೂ ನಂಬಿದವಳ ಹಾಗೆ ಇದ್ದುಬಿಡುತ್ತಿದ್ದೆ.